ಅಂಟಿಸಿಟ್ಟ ನಡಾವಳಿ

ಆ ಕ್ರೈಸ್ತ ಸಭೆಗೆ ನೂರು ವರ್ಷ ತುಂಬುವ ಹೊತ್ತಿಗೆ ಅದರ ಚರಿತ್ರೆ ಎಷ್ಟು ದಪ್ಪವಾಗಿತ್ತೆಂದರೆ, ನಡಾವಳಿ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಚರ್ಚಿನ ಗಂಟೆಗೋಪುರ ನಾಚಿ ತಲೆ ತಗ್ಗಿಸುತ್ತಿತ್ತು. ಅಲ್ಲಿಯವರು ದೇವರಿಗೆ ಹೆದರುತ್ತಿದ್ದುದು ನಿಜ, ಆದರೆ ನಡಾವಳಿಗೆ ಇನ್ನೂ ಒಂದು ಹಿಡಿ ಹೆಚ್ಚು ಹೆದರುತ್ತಿದ್ದರು. ಕಿಟಕಿಗೆ ಯಾವ ಬಣ್ಣ ಎಂದು ಹನ್ನೊಂದು ವರ್ಷ ಚರ್ಚಿಸಿ, ಕಿಟಕಿ ಗೆದ್ದಲು ಹಿಡಿದು ಉದುರಿದ ಮೇಲೆ ಹಸಿರು ಎಂದು ಒಮ್ಮತಕ್ಕೆ ಬಂದಿದ್ದರು. ಅದನ್ನೂ ಬರೆದಿಟ್ಟಿದ್ದರು.

ಇಂಥ ಇಪ್ಪತ್ತಮೂರು ಪುಸ್ತಕಗಳಿಗೆ ಹೊಸ ರಟ್ಟು ಕಟ್ಟಿ, ಅವುಗಳಿಂದ ಚರಿತ್ರೆ ಬರೆದು, ನೂರನೆಯ ವರ್ಷದ ಆರಾಧನೆಯಲ್ಲಿ ಓದುವ ಕೆಲಸ ಬೈಂಡರನ ಪಾಲಿಗೆ ಬಂತು. ಅವನಪ್ಪನೂ ಬೈಂಡರನೇ, ಮೇಲೆ ಮೂವತ್ತು ವರ್ಷ ಸಭೆಯ ಕಾರ್ಯದರ್ಶಿ. ಅಪ್ಪ ಕಟ್ಟಿದ ಪುಸ್ತಕವನ್ನು ಆನೆ ತುಳಿದರೆ ಆನೆಯ ಕಾಲೇ ಉಳುಕುತ್ತದೆ ಎಂದು ಹೆಸರಿತ್ತು. ತೀರಿಹೋದ ಆ ಅಪ್ಪನ ಹೆಸರನ್ನೇ ಹೊಸ ಸಭಾಂಗಣಕ್ಕೆ ಇಡುವುದೆಂದು ತೀರ್ಮಾನವಾಗಿ, ಕಲ್ಲೂ ಕೆತ್ತಿ ಬಂದಿತ್ತು.

ಮಂಗಳವಾರ ಹನ್ನೊಂದನೆಯ ಪುಸ್ತಕದ ಹೊಲಿಗೆ ಬಿಚ್ಚುವಾಗ ಎರಡು ಹಾಳೆಗಳು ಒಂದಾಗಿದ್ದವು. ನೀರು ಬಿದ್ದು ಅಂಟಿದ ಹಾಳೆ ಸುಕ್ಕುಸುಕ್ಕಾಗಿರುತ್ತದೆ. ಇದು ಅಂಚಿನಿಂದ ಅಂಚಿಗೆ ಗಾಜಿನಂತೆ ಸಪಾಟಾಗಿತ್ತು, ಬದಿಯಲ್ಲಿ ತೆಳ್ಳಗೆ ನೀಲಿ ಇಣುಕುತ್ತಿತ್ತು. ಹುಳ ಬೀಳದಿರಲೆಂದು ಮೈದಾ ಗೋಂದಿಗೆ ಮೈಲುತುತ್ತ ಬೆರೆಸುವವರು ಎಷ್ಟೋ ಜನ. ಗೋಂದು ನೀಲಿ ತಿರುಗುವಷ್ಟು ಧಾರಾಳವಾಗಿ ಬೆರೆಸುತ್ತಿದ್ದವನು ಅಪ್ಪ ಒಬ್ಬನೇ.

ಬೈಂಡರ ಕೆಟಲಿನ ಹಬೆಗೆ ಹಾಳೆ ಹಿಡಿದು ಚಾಕುವಿನ ತುದಿಯಿಂದ ಎಬ್ಬಿಸಿದ. ಐವತ್ತೆರಡು ವರ್ಷದ ಹಿಂದಿನ ಬರಹ ಹೊರಬಂತು, ಅಪ್ಪನ ಅಕ್ಷರದಲ್ಲೇ:

“ಪಾದ್ರಿ ಅಯ್ಯನವರ ವಿರುದ್ಧ ಮೇಲಿನ ಕಚೇರಿಗೆ ಹೆಸರಿಲ್ಲದ ಪತ್ರ ಬರೆದವನು ತಾನೇ ಎಂದು ಕಾರ್ಯದರ್ಶಿಯವರು ಕಣ್ಣೀರಿನೊಡನೆ ಒಪ್ಪಿಕೊಂಡರು. ಹಿರಿಯರು ಕ್ಷಮಿಸಿದರು. ಸಭೆಯ ಮರ್ಯಾದೆಯ ದೃಷ್ಟಿಯಿಂದ ಇದನ್ನು ಪ್ರಕಟಿಸತಕ್ಕದ್ದಲ್ಲ.” ಕೆಳಗೆ ಏಳು ಸಹಿ.

ಆಗಿನ ಕಾರ್ಯದರ್ಶಿ ಅಪ್ಪನೇ. ಆ ಪತ್ರದ ತಪ್ಪು ಹೊತ್ತವಳು ಅಪ್ಪನ ತಂಗಿ, ಅವನ ಸೋದರತ್ತೆ. ಆಗಿನ ಅಯ್ಯನವರು ಒಬ್ಬರೇ ಕೂತು “ನನಗೆ ಪ್ರಾರ್ಥನೆ ಬರುತ್ತಿಲ್ಲ” ಎಂದು ಅತ್ತದ್ದನ್ನು, ಚರ್ಚು ಗುಡಿಸಲು ಹೋದ ಅತ್ತೆ ಕೇಳಿಸಿಕೊಂಡಿದ್ದಳು. ಅದೇ ಮಾತು ಪತ್ರದಲ್ಲಿತ್ತು, ಬರೆದವಳು ಅವಳೇ ಎಂದು ಸಭೆ ನಂಬಿತು. ಅಯ್ಯನವರ ಕೆಲಸ ಹೋಯಿತು. ಆ ಸಭೆಯ ಕಟ್ಟಳೆಯಂತೆ ತಪ್ಪು ಮಾಡಿದವರು ಎಲ್ಲರೆದುರು ಎದ್ದು ಕ್ಷಮೆ ಕೇಳಬೇಕು, ಹಿರಿಯರೊಬ್ಬರು “ಕ್ಷಮಿಸಿದ್ದೇವೆ, ಮುಂದೆ ಬಾ” ಅನ್ನಬೇಕು. ಅಲ್ಲಿಯವರೆಗೆ ಕೊನೆಯ ಬೆಂಚೇ ಗತಿ, ಕರ್ತನ ಭೋಜನದ ರೊಟ್ಟಿಯೂ ಇಲ್ಲ. ಮಾಡದ ತಪ್ಪಿಗೆ ಏಳುವುದಿಲ್ಲ ಎಂದು ಕೂತ ಅತ್ತೆ ಎರಡು ಸಾವಿರದ ಏಳುನೂರು ಭಾನುವಾರ ಒಂದನ್ನೂ ತಪ್ಪಿಸದೆ ಕೂತೇ ಇದ್ದಳು. ಅವಳ ಹಟದ ಭಾರಕ್ಕೆ ಆ ಮೂಲೆಯ ನೆಲವೇ ಅರ್ಧ ಅಡಿ ಇಳಿದಿದೆ ಎನ್ನುತ್ತಿದ್ದರು.

ಏಳು ಸಹಿಗಳಲ್ಲಿ ಉಸಿರಾಡುತ್ತಿದ್ದುದು ಒಂದೇ. ಪ್ರಾರ್ಥನೆ ಅರ್ಧಕ್ಕೆ ಬರುವ ಮೊದಲೇ ಆಮೆನ್ ಕೂಗಿ ಎಷ್ಟೋ ಅಯ್ಯನವರ ಬಾಯಿ ಮುಚ್ಚಿಸಿದ್ದ ಆಮೆನ್ ತಾತ.

“ಅಂಟಿಸಿದ್ದನ್ನ ಯಾಕಪ್ಪಾ ಕಿತ್ತೆ?” ಎಂದ ತಾತ, ಮನೆಗೆ ಬಂದ ಬೈಂಡರನ ಕೈಯಲ್ಲಿ ಹಾಳೆ ನೋಡಿ.

“ನಿಮ್ಮ ಸಹಿ ತಾನೆ ಇದು?”

“ಆಗ ನಾನು ಎಲ್ಲರಿಗಿಂತ ಚಿಕ್ಕವನು. ಎಲ್ರೂ ಹಾಕಿದ್ರು, ಹಾಕ್ದೆ. ನಿಮ್ಮಪ್ಪ ಕಾಲಿಗೆ ಬಿದ್ದುಬಿಟ್ಟ ಕಣಯ್ಯಾ.”

“ಅತ್ತೆ ಹಿಂದೆ ಕೂತಿದ್ದಳಲ್ಲ ತಾತಾ, ಪ್ರತಿ ವಾರ ನೋಡ್ತಿದ್ರಲ್ಲ.”

“ಇವತ್ತು ಏಳ್ತಾಳೆ, ನಾಳೆ ಏಳ್ತಾಳೆ ಅಂದ್ಕೊಂಡ್ವಿ. ಒಂದು ಕ್ಷಮೆ ಕೇಳಿದ್ರೆ ಮುಗೀತಿತ್ತು. ಇಷ್ಟು ಗಟ್ಟಿ ಹೆಂಗಸು ಅಂತ ಯಾರಿಗೆ ಗೊತ್ತಿತ್ತು?” ತಾತ ದನಿ ತಗ್ಗಿಸಿದ. “ಭಾನುವಾರ ಕಲ್ಲಿನ ಮೇಲಿರೋದು ನಿಮ್ಮಪ್ಪನ ಹೆಸರು. ಗೋಂದು ನಿನ್ನ ಹತ್ರಾನೂ ಇದೆ.”

ಬೈಂಡರ ಗೋಂದಿನ ಡಬ್ಬಿಯ ಮುಂದೆ ಎರಡು ದಿನ ಕೂತ. ಗುರುವಾರ ಮಧ್ಯಾಹ್ನ ಹಾಳೆ ಹಿಡಿದು ಅತ್ತೆಯ ಮನೆಗೆ ಹೋದ.

ಅತ್ತೆ ಹಾಳೆಯನ್ನು ಮೂಗಿಗೆ ತಾಗಿಸಿಕೊಂಡು ಓದಿದಳು. ಅವಳ ಬೈಗುಳಕ್ಕೆ ಬೀದಿ ನಾಯಿಗಳು ಊರು ಬಿಟ್ಟದ್ದುಂಟು, ಅವನು ಅದಕ್ಕೆ ಸಿದ್ಧನಾಗಿಯೇ ನಿಂತಿದ್ದ. ಆದರೆ ಅತ್ತೆಯ ಮುಖದ ಬಣ್ಣ ಇಳಿಯಿತು.

“ಹಾಗಾದ್ರೆ ಟೀಚರ್ ಅಲ್ವಾ?”

“ಯಾವ ಟೀಚರ್?”

“ಹಾರ್ಮೋನಿಯಂ ಟೀಚರ್ ಕಣೋ! ನನ್ನ ಗೆಳತಿ. ಅಯ್ಯನವರು ಅತ್ತಿದ್ದನ್ನ ನಾನು ಹೇಳಿದ್ದು ಅವಳೊಬ್ಬಳಿಗೇ.”

“ಅಪ್ಪನಿಗೆ?”

“ಅಣ್ಣನಿಗೆ ಹೇಳಿದ್ದು ಹೇಳಿದ ಲೆಕ್ಕಾನಾ? ಮನೇಲಿ ಗೋಡೆಗೆ ಹೇಳಿದ ಹಾಗೆ ಅದು.” ಅತ್ತೆ ಹಾಳೆ ಕೆಳಗಿಟ್ಟಳು. “ಪ್ರತಿ ಭಾನುವಾರ ಹಾರ್ಮೋನಿಯಂ ಮುಂದಿಂದ ಹಿಂದೆ ತಿರುಗಿ ನನ್ನನ್ನ ನೋಡೋಳು. ನಾನು ಸೂರು ನೋಡ್ತಿದ್ದೆ. ಸಾಯೋ ಮುಂಚೆ ಎರಡು ಸಲ ಹೇಳಿ ಕಳಿಸಿದ್ಲು, ಬಾ ಅಂತ. ಹೋಗ್ಲಿಲ್ಲ ಕಣೋ. ಸಾಯ್ಲಿ ಅಂದೆ.”

ಟೀಚರ್ ತೀರಿಕೊಂಡು ಮೂರು ವರ್ಷವಾಗಿತ್ತು. ಅತ್ತೆಯನ್ನು ಗೆಲ್ಲಿಸಲು ಬಂದಿದ್ದ ಬೈಂಡರನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

“ಅತ್ತೆ, ಬೇಡ ಅಂದ್ರೆ ಓದಲ್ಲ. ಮತ್ತೆ ಅಂಟಿಸ್ತೀನಿ.”

“ಓದು. ನಿಮ್ಮಪ್ಪನ ಹೆಸರು ನುಂಗಿದ್ಯೋ, ನಿನ್ನ ಗಂಟಲಲ್ಲಿ ಕೈ ಹಾಕಿ ತೆಗೀತೀನಿ.”

ಭಾನುವಾರ ಚರ್ಚಿನಲ್ಲಿ ಸೂಜಿ ಹಾಕಲು ಜಾಗವಿರಲಿಲ್ಲ, ಜನ ಉಸಿರನ್ನೂ ಸರದಿಯ ಮೇಲೆ ಎಳೆದುಕೊಳ್ಳುತ್ತಿದ್ದರು. ಬೈಂಡರ ಹಸಿರು ಕಿಟಕಿಯ ಚರಿತ್ರೆ ಓದಿದಾಗ ಸೂರು ಹಾರುವಂತೆ ನಕ್ಕರು. ಆಮೇಲೆ ಅವನು ಅಂಟಿಸಿಟ್ಟಿದ್ದ ಹಾಳೆ ತೆಗೆದ. ಅದನ್ನೂ ಓದಿದ. ಕಾರ್ಯದರ್ಶಿ ಎಂದಿದ್ದಲ್ಲಿ ಅಪ್ಪನ ಹೆಸರು, ಏಳು ಸಹಿ, ಪ್ರಕಟಿಸತಕ್ಕದ್ದಲ್ಲ ಎಂಬ ಸಾಲು, ಎಲ್ಲವನ್ನೂ. ಆಮೆನ್ ತಾತನ ಬಾಯಿ ಜನ್ಮದಲ್ಲಿ ಮೊದಲ ಸಲ ಮುಚ್ಚಿತ್ತು.

ಈಗಿನ ಅಯ್ಯನವರು ಇನ್ನೂ ಹರೆಯದವರು. ಕಟ್ಟಳೆ ಏನೆನ್ನುತ್ತದೋ ಎಂದು ಯಾರನ್ನೂ ಕೇಳದೆ, ರೊಟ್ಟಿಯ ತಟ್ಟೆ ಎತ್ತಿಕೊಂಡು ನೇರ ಕೊನೆಯ ಬೆಂಚಿಗೆ ನಡೆದರು.

“ಅಲ್ಲೇ ನಿಲ್ಲಿ ಅಯ್ಯನವರೇ. ಮೊದ್ಲು ನಂದೊಂದಿದೆ,” ಎಂದು ಅತ್ತೆ ಮುಂದಿನ ಬೆಂಚು ಹಿಡಿದು ಎದ್ದಳು. “ಹಾರ್ಮೋನಿಯಂ ಟೀಚರ್ ಏನೂ ಮಾಡಿರ್ಲಿಲ್ಲ. ಪತ್ರ ಬರೆದಿದ್ದು ಅವಳೇ ಅಂದ್ಕೊಂಡು ನಲವತ್ತೊಂಬತ್ತು ವರ್ಷ ಮಾತು ಬಿಟ್ಟೆ. ಕರೆದಾಗ ಹೋಗ್ಲಿಲ್ಲ. ತಪ್ಪಾಯ್ತು. ಕ್ಷಮೆ ಕೇಳ್ತಿದೀನಿ.”

ಈಗ ಹಿರಿಯರೊಬ್ಬರು ಉತ್ತರ ಹೇಳಬೇಕಿತ್ತು. ಎಲ್ಲರ ಕಣ್ಣು ಆಮೆನ್ ತಾತನ ಮೇಲೆ ಬಿತ್ತು. ತಾತ ಅರ್ಧ ಎದ್ದ, ತುಟಿ ಅಲ್ಲಾಡಿಸಿದ, ಹಾಗೇ ಕೂತು ಮುಖ ಮುಚ್ಚಿಕೊಂಡ. ಉಳಿದ ಹಿರಿಯರು ಒಬ್ಬರನ್ನೊಬ್ಬರು ನೋಡಿದರು. ಸತ್ತವಳ ಪರವಾಗಿ ಕ್ಷಮಿಸುವುದು ಹೇಗೆಂದು ಇಪ್ಪತ್ತಮೂರು ಪುಸ್ತಕಗಳಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಅತ್ತೆ ನಿಂತೇ ಇದ್ದಳು. ಬೈಂಡರ ಓದದೆ ಉಳಿದ ಹಾಳೆಗಳನ್ನು ಅಲ್ಲೇ ಬಿಟ್ಟು ಓಡಿಬಂದು ಅವಳ ತೋಳು ಹಿಡಿದ.

“ಕೂತ್ಕೋ ಅತ್ತೆ. ಯಾರೂ ಏನೂ ಹೇಳಲ್ಲ.”

“ಬಿಡೋ ಕೈ,” ಎಂದಳು ಅತ್ತೆ, ಖಾಲಿ ಹಾರ್ಮೋನಿಯಂ ಸ್ಟೂಲಿನಿಂದ ಕಣ್ಣು ತೆಗೆಯದೆ. “ಹೇಳೋವರೆಗೂ ನಿಂತಿರ್ತೀನಿ.”