ಬಾಲ್ಕನಿ ಇರುವ ಕೋಣೆ

ಏಳನೇ ಪೆಟ್ಟಿಗೆಯ ಬಾಯಿಗೆ ಟೇಪು ಎಳೆದು, ಹಲ್ಲಿನಿಂದಲೇ ಕಚ್ಚಿ ಹರಿದು, ಅವಳು ಎಡಮೂಲೆಗೆ ಕೆಂಪು ಚುಕ್ಕೆಯೊಂದನ್ನು ಅಂಟಿಸಿದಳು. ಕೆಂಪು ಅಂದರೆ ಅಡುಗೆಮನೆ. ಹಳದಿ ಅಂದರೆ ಹಾಲ್, ಹಸಿರು ತಮ್ಮಿಬ್ಬರ ಕೋಣೆ, ನೀಲಿ ಅತ್ತೆಯ ಕೋಣೆ. ಸಾಮಾನು ಹೊರುವವರು ಬಂದ ದಿನ ಯಾರೂ ಯಾರನ್ನೂ ಕೂಗಿ ಕೇಳಬೇಕಾಗಿಲ್ಲ, ಬಣ್ಣ ನೋಡಿ ಇಳಿಸಿದರೆ ಆಯಿತು. ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ ಡಬ್ಬಗಳ ನಡುವೆಯೇ ಕಳೆದವಳಿಗೆ ಇದೇನು ಹೊಸ ವಿದ್ಯೆಯಾಗಿರಲಿಲ್ಲ.

ಇನ್ನು ಒಂಬತ್ತು ದಿನ ಉಳಿದಿತ್ತು. ಹತ್ತೊಂಬತ್ತು ವರ್ಷದಿಂದ ಬಾಡಿಗೆಗಿದ್ದ ಈ ಮನೆಯನ್ನು ಮಾಲೀಕರು ಕೆಡವಿ ಕಟ್ಟಿಸುವವರಿದ್ದರು. ಮೂರು ಬೀದಿ ಆಚೆ, ಎರಡನೇ ಮಹಡಿಯಲ್ಲಿ, ಲಿಫ್ಟ್ ಇರುವ ಮನೆಯೊಂದು ಸಿಕ್ಕಿತ್ತು. ಇಲ್ಲಿಗೆ ಬಂದಾಗ ಚಮಚಗಳಿಗಾಗಿ ನಾಲ್ಕು ದಿನ ಹುಡುಕಿ ಕೊನೆಗೆ ಅವು ಹಳೆ ಚಪ್ಪಲಿಗಳ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಅವಳು ಮರೆತಿರಲಿಲ್ಲ. ಈ ಸಲ ಯಾರ ತಲೆಯೂ ಬಿಸಿಯಾಗಕೂಡದು ಎಂದು ಒಂದು ತಿಂಗಳ ಹಿಂದೆಯೇ ನೋಟುಪುಸ್ತಕ ತೆರೆದಿದ್ದಳು. ಯಾವ ದಿನ ಯಾವ ಕಪಾಟು ಖಾಲಿಯಾಗಬೇಕು, ಕೊನೆಯ ದಿನ ಕೈಗೆ ಸಿಗುವ ಚೀಲದಲ್ಲಿ ಏನೇನಿರಬೇಕು, ಎಲ್ಲವೂ ಅದರಲ್ಲಿತ್ತು.

"ನನಗೂ ಒಂದು ಚುಕ್ಕೆ ಅಂಟಿಸಿಬಿಡು. ಆ ಗಲಾಟೆಯಲ್ಲಿ ನನ್ನನ್ನ ಎಲ್ಲಿ ಇಳಿಸ್ತಾರೋ ಏನೋ," ಎಂದ ಗಂಡ. ಅವನು ರಸ್ತೆ ಇಲಾಖೆಯಲ್ಲಿ ನಕ್ಷೆ ಬರೆಯುವವನು. ಹೊಸ ಮನೆಯ ನಕ್ಷೆಯನ್ನು ದೊಡ್ಡ ಹಾಳೆಯ ಮೇಲೆ ಬರೆದು ಊಟದ ಮೇಜಿಗೆ ಹಾಸಿದ್ದ. ಮಂಚ, ಕಪಾಟು, ಕುರ್ಚಿಗಳನ್ನೆಲ್ಲ ಅದೇ ಅಳತೆಗೆ ರಟ್ಟಿನಲ್ಲಿ ಕತ್ತರಿಸಿ, ಬಣ್ಣ ಬಳಿದು, ಚದುರಂಗದ ಕಾಯಿಗಳಂತೆ ಅತ್ತಿತ್ತ ಸರಿಸುತ್ತಿದ್ದ.

"ನಿಮಗೆ ಚುಕ್ಕೆ ಸಾಲಲ್ಲ ರೀ, 'ಒಡೆಯುವ ವಸ್ತು' ಅಂತ ಬರೀಬೇಕು."

"ಅದಲ್ಲ ಹುಡುಗಿ," ಒಳಗಿನಿಂದ ಅತ್ತೆಯ ದನಿ ಬಂತು. "'ಬಳಸುವ ಮುನ್ನ ಚೆನ್ನಾಗಿ ಅಲುಗಾಡಿಸಿ' ಅಂತ ಬರಿ. ರಜಾ ದಿನ ಅವನನ್ನ ಎಬ್ಬಿಸೋಕೆ ಅಷ್ಟು ಅಲುಗಾಡಿಸಬೇಕು."

ನಲವತ್ತೆಂಟು ತುಂಬಿದರೂ ಅತ್ತೆಗೆ ಅವಳು ಇನ್ನೂ ಹುಡುಗಿಯೇ. ಅತ್ತೆ ನಲವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದವರು. ಈಗಲೂ ಬೆರಳಿಗೆ ಬಟ್ಟೆ ಸೋಕಿದರೆ ಸಾಕು, ಅದು ಎಷ್ಟು ಸಲ ನೀರು ಕಂಡಿದೆ ಎಂದು ಹೇಳುತ್ತಿದ್ದರು.

ಅತ್ತೆ ತಮ್ಮ ಸಾಮಾನನ್ನು ತಾವೇ ಕಟ್ಟುತ್ತೇನೆಂದು ಹಟ ಹಿಡಿದು ಐದು ಪೆಟ್ಟಿಗೆ ತುಂಬಿಸಿಟ್ಟಿದ್ದರು. ಎಣಿಸಲು ಹೋದ ಅವಳಿಗೆ ಮೂರರ ಮೇಲೆ ಹಸಿರು, ಎರಡರ ಮೇಲೆ ನೀಲಿ ಕಂಡಿತು.

"ಅತ್ತೆ, ಹಸಿರು ನಮ್ಮ ರೂಮಿಗೆ ಅಲ್ವಾ? ನಿಮ್ಮದು ನೀಲಿ."

"ಹೌದಾ? ಯಾರ ಜೊತೆಗೋ ಮಾತಾಡ್ತಾ ಅಂಟಿಸಿಬಿಟ್ಟೆ ಅನ್ಸುತ್ತೆ."

ಅವಳು ಉಗುರಿನಿಂದ ಹಸಿರನ್ನು ಕೆರೆದು ತೆಗೆದಳು. ನಿನ್ನೆ ಅತ್ತೆ ಪೆಟ್ಟಿಗೆ ತುಂಬುವಾಗ ಮನೆಯಲ್ಲಿ ಯಾರಿದ್ದರು? ತಾನು ಆಸ್ಪತ್ರೆಯಲ್ಲಿ, ಇವರು ಕಚೇರಿಯಲ್ಲಿ. ಕೆರೆಯುವ ಬೆರಳಿಗೆ ದಾರವೊಂದು ತಾಗಿತು. ಪೆಟ್ಟಿಗೆಯ ಹಿಡಿಯ ತೂತಿನಿಂದ ಇಳಿಬಿದ್ದ ಗಟ್ಟಿ ದಾರ, ಅದರ ತುದಿಗೆ ಎರಡು ಗುಂಡಿ. ಪಕ್ಕದ ಪೆಟ್ಟಿಗೆಗೆ ಮೂರು. ಅದರಾಚೆಯದಕ್ಕೆ ಒಂದೇ ಒಂದು, ಕೋಟಿನ ದಪ್ಪ ಗುಂಡಿ. ಹೊಲಿಗೆಯವರ ಚಟ ಎಂದುಕೊಂಡು ಅವಳು ಮುಂದಿನ ಕೆಲಸಕ್ಕೆ ಹೋದಳು.

ಕಟ್ಟಿದ ಪೆಟ್ಟಿಗೆಗಳನ್ನು ಒಟ್ಟಲು ಜಾಗ ಬೇಕಾಗಿ, ಅತ್ತೆಯ ಕೋಣೆಯ ಹೊರಗಿದ್ದ ಮರದ ಕುರ್ಚಿಯನ್ನು ಎರಡು ಅಡಿ ಪಕ್ಕಕ್ಕೆ ಎಳೆದಳು. ಹತ್ತು ನಿಮಿಷವೂ ಆಗಿರಲಿಲ್ಲ. ಕಾಫಿ ಲೋಟ ಹಿಡಿದು ಎಂದಿನಂತೆ ಸರಸರನೆ ಬಂದ ಅತ್ತೆ ಆ ಕುರ್ಚಿಗೆ ನೇರವಾಗಿ ಹೋಗಿ ಬಡಿದರು. ಕಾಫಿ ಗೋಡೆಗೆ ಹಾರಿತು, ಲೋಟ ಉರುಳಿತು.

"ಏನಾಯ್ತಮ್ಮ?" ಗಂಡ ಎದ್ದು ಬಂದ.

"ಏನಿಲ್ಲ ಕಣೋ. ಲಕ್ಷ್ಯ ಎಲ್ಲೋ ಇತ್ತು."

ಅತ್ತೆಯ ಬಲಗೈ ಕುರ್ಚಿಯ ಬೆನ್ನನ್ನು ಸವರುತ್ತಿತ್ತು, ಯಾರದೋ ಮನೆಯ ಕುರ್ಚಿ ಎಂಬಂತೆ.

ಅತ್ತೆಯ ಕಣ್ಣಿನೊಳಗೆ ಒತ್ತಡ ಹೆಚ್ಚಿದೆ, ದಿನಕ್ಕೆ ಎರಡು ಸಲ ಹನಿ ಹಾಕಿಕೊಳ್ಳಬೇಕು ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮೂರು ತಿಂಗಳಿಗೊಮ್ಮೆ ಕಣ್ಣಿನ ಡಾಕ್ಟರ ಹತ್ತಿರ ಅವಳೇ ಕರೆದುಕೊಂಡು ಹೋಗುತ್ತಿದ್ದಳು. ಆದರೆ ಬಾಗಿಲ ತನಕ ಮಾತ್ರ. "ನೀನು ಹೊರಗೆ ಕೂತಿರು, ನಾನೇನು ಮಗುವಾ?" ಎಂದು ಅತ್ತೆ ಒಬ್ಬರೇ ಒಳಗೆ ಹೋಗಿ, ಹೊರಗೆ ಬಂದು, "ಹಾಗೇ ಇದೆಯಂತೆ, ಹನಿ ಬಿಡಬೇಡಿ ಅಂದ್ರು" ಎನ್ನುತ್ತಿದ್ದರು. ಹೋದ ತಿಂಗಳು ನಾದಿನಿ ಫೋನಿನಲ್ಲಿ, "ಅಮ್ಮನ ಕಣ್ಣು ಇನ್ನೂ ಕಮ್ಮಿಯಾದ್ರೆ ನಾನೇ ನಮ್ಮನೆಗೆ ಕರ್ಕೊಂಡು ಬರ್ತೀನಿ ಅತ್ತಿಗೆ. ಇಡೀ ದಿನ ಕೈಹಿಡ್ಕೊಂಡು ಓಡಾಡಿಸೋಕೆ ಒಬ್ಬ ಆಯಾನ ಇಟ್ಟುಬಿಡ್ತೀನಿ," ಎಂದಿದ್ದಳು. ಫೋನು ಸ್ಪೀಕರಿನಲ್ಲಿತ್ತು. ಅತ್ತೆ ಅಲ್ಲೇ ಕೂತು ತೋಳಿನ ಹೊಲಿಗೆ ಬಿಚ್ಚುತ್ತಿದ್ದರು. ಆಮೇಲೆ ಎಷ್ಟೋ ಹೊತ್ತಿನ ಮೇಲೆ, ಯಾರೂ ಕೇಳದಿದ್ದರೂ ಹೇಳಿದರು: "ನಮ್ಮಕ್ಕನಿಗೆ ಕಣ್ಣು ಹೋದಾಗ ಕೈಗೊಂದು ಗಂಟೆ ಕೊಟ್ಟಿದ್ರು. ಏನು ಬೇಕಾದ್ರೂ ಬಾರಿಸು ಅಂತ. ಪಾಪ, ಎಲ್ಲರೂ ಒಳ್ಳೆಯವರೇ. ಅವಳು ಆ ಗಂಟೆನ ಒಂದು ದಿನಾನೂ ಬಾರಿಸಲಿಲ್ಲ. ಕೂತಲ್ಲೇ ಕೂತಳು."

ಮಧ್ಯಾಹ್ನ ಮೂವರೂ ಹೊಸ ಮನೆ ನೋಡಲು ಹೋದರು. ಖಾಲಿ ಮನೆಯಲ್ಲಿ ಸುಣ್ಣದ ವಾಸನೆ, ಮಾತಿಗೆ ಮಾರುತ್ತರ ಕೊಡುವ ಗೋಡೆಗಳು. ಗಂಡ ನೇರವಾಗಿ ತಾಯಿಯನ್ನು ಹಾಲಿನ ಆಚೆ ತುದಿಯ ದೊಡ್ಡ ಕೋಣೆಗೆ ಕರೆದುಕೊಂಡು ಹೋಗಿ ಬಾಲ್ಕನಿಯ ಬಾಗಿಲು ತೆರೆದ.

"ಇದು ನಿನ್ನ ರೂಮು ಅಮ್ಮ."

"ನನಗ್ಯಾಕೋ ಇಷ್ಟು ದೊಡ್ಡದು? ಬಚ್ಚಲ ಎದುರಿಗೆ ಒಂದು ಚಿಕ್ಕದಿದೆಯಲ್ಲ, ಅದೇ ಸಾಕು."

"ಅದು ಗೂಡು. ಕಿಟಕಿ ತೆರೆದ್ರೆ ಪಕ್ಕದವರ ಗೋಡೆ. ನಲವತ್ತು ವರ್ಷ ಅಂಗಡಿ ಮೂಲೇಲಿ ದೀಪ ಹಚ್ಕೊಂಡು ಹೊಲಿದಿದ್ದೀಯ. ಇನ್ನಾದ್ರೂ ಬೆಳಕಲ್ಲಿ ಕೂತ್ಕೋ. ಈ ಮನೆ ಒಪ್ಪಿದ್ದೇ ಈ ಬಾಲ್ಕನಿಗೋಸ್ಕರ. ನನ್ನದೊಂದು ಆಸೆ ಅಂದ್ಕೋ."

ಅತ್ತೆ ಮಗನ ದನಿ ಬಂದ ಕಡೆಗೆ ಮುಖ ಮಾಡಿ ನಕ್ಕರು. "ಆಯ್ತಪ್ಪ. ಒಳ್ಳೆ ಬಿಸಿಲು," ಎಂದರು.

ಗಂಡ ಕರೆಂಟಿನ ಮೀಟರು ನೋಡಲು ಕೆಳಗಿಳಿದ. ಅವಳು ಅಡುಗೆಮನೆಯ ಕಪಾಟುಗಳ ಆಳ ಅಳೆದು ಬರೆದುಕೊಂಡು, ಟೇಪು ಸುತ್ತುತ್ತ ಹಾಲಿನ ಅಂಚಿಗೆ ಬಂದು ನಿಂತಳು.

ಅತ್ತೆ ದೊಡ್ಡ ಕೋಣೆಯಿಂದ ಬರುತ್ತಿದ್ದರು. ಎಡಗೈಯ ಬೆರಳುಗಳು ಗೋಡೆಗೆ ತಾಗಿದ್ದವು, ಬಲಗೈಯಲ್ಲಿ ದಾರದ ತುಂಡು. ತುಟಿ ಅಲ್ಲಾಡುತ್ತಿತ್ತು. ಕೋಣೆಯ ಬಾಗಿಲು ದಾಟಿದೊಡನೆ ನಿಂತು ದಾರಕ್ಕೆ ಒಂದು ಗಂಟು ಹಾಕಿದರು. ಅಲ್ಲಿಂದ ಮುಂದೆ ಹಿಡಿಯಲು ಗೋಡೆಯಿಲ್ಲ, ಬರೀ ಖಾಲಿ ಹಾಲ್. ಅತ್ತೆ ಕೈ ಮುಂದೆ ಚಾಚಿ ನಡೆದರು. "ಹದಿಮೂರು, ಹದಿನಾಲ್ಕು..." ಹಾಲಿನ ನಟ್ಟನಡುವೆ ಹೆಜ್ಜೆ ತಡೆಯಿತು. ಬಚ್ಚಲಿದ್ದದ್ದು ಎಡಕ್ಕೆ. ಅತ್ತೆ ಬಲಕ್ಕೆ ತಿರುಗಿ, ಬರಿಗೋಡೆಯ ಎದುರು ನಿಂತು, ಕೈಯಿಂದ ಗಾಳಿಯನ್ನು ತಡವಿದರು. "ಅಲ್ಲ," ಎಂದು ತಮ್ಮಷ್ಟಕ್ಕೆ ಗೊಣಗಿ, ತಿರುಗಿ, ಕಾಲಿನಿಂದ ನೆಲ ಸವರುತ್ತ ಹಿಂದಕ್ಕೆ ಹೊರಟರು. ಮತ್ತೆ ಒಂದರಿಂದ ಎಣಿಸಲು.

ಅವಳು ನಾಲ್ಕೇ ಮಾರು ದೂರದಲ್ಲಿ, ತುಂಬು ಬೆಳಕಿನಲ್ಲಿ ನಿಂತಿದ್ದಳು. ಅತ್ತೆಯ ಮುಖ ಎರಡು ಸಲ ಅವಳನ್ನು ಹಾದುಹೋಯಿತು, ಒಮ್ಮೆಯೂ ನಿಲ್ಲಲಿಲ್ಲ.

ಹಸಿರು, ನೀಲಿ. ಗುಂಡಿಯ ದಾರಗಳು. ಕುರ್ಚಿಯ ಬೆನ್ನು. ಇಷ್ಟು ದಿನ ಅತ್ತೆ ನಡೆಯುತ್ತಿದ್ದದ್ದು ಕಣ್ಣಿನಿಂದಲ್ಲ, ಆ ಹಳೆಯ ಮನೆಯ ಗುರುತಿನಿಂದ. ತಾನು ಒಂದು ತಿಂಗಳಿಂದ ಪೆಟ್ಟಿಗೆಗೆ ತುಂಬಿಸುತ್ತಿದ್ದದ್ದು ಅದನ್ನೇ. ತನ್ನ ನೋಟುಪುಸ್ತಕದಲ್ಲಿ ಎಲ್ಲಕ್ಕೂ ಒಂದೊಂದು ಸಾಲಿತ್ತು, ಇದಕ್ಕಿರಲಿಲ್ಲ. ಅತ್ತೆ ಮಾತ್ರ ಸದ್ದಿಲ್ಲದೆ, ಒಂದು ತುಂಡು ದಾರದಲ್ಲಿ, ತಮ್ಮ ತಯಾರಿ ತಾವು ಮಾಡಿಕೊಳ್ಳುತ್ತಿದ್ದರು.

ಓಡಿಹೋಗಿ ಕೈ ಹಿಡಿಯಬೇಕೆನಿಸಿತು. ಒಂದು ಹೆಜ್ಜೆ ಇಟ್ಟೂ ಆಗಿತ್ತು. ಅತ್ತೆಯ ಅಕ್ಕನ ಗಂಟೆಯ ನೆನಪಾಗಿ ನಿಂತಳು. ಬಂದಷ್ಟೇ ಮೆಲ್ಲಗೆ ಹಿಂದೆ ಸರಿದು ಅಡುಗೆಮನೆಗೆ ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿದಳು.

"ಅತ್ತೆ, ನೀರು ಜೋರಾಗಿ ಬರ್ತಿದೆ, ನೋಡಿ ಬನ್ನಿ," ಎಂದು ದೊಡ್ಡ ದನಿಯಲ್ಲಿ ಕೂಗಿದಳು.

"ಹ್ಞಾ, ಬಂದೆ."

ನೀರಿನ ಸದ್ದನ್ನು ಹಿಡಿದು ಅತ್ತೆ ನೇರವಾಗಿ ಬಂದರು, ಬೆನ್ನು ನೆಟ್ಟಗೆ, ಮುಖದಲ್ಲಿ ಎಂದಿನ ನಗೆ, ದಾರ ಮುಷ್ಟಿಯೊಳಗೆ. "ಈಗಿನ ಮನೆ ನಲ್ಲಿಗಿಂತ ವಾಸಿ," ಎಂದರು. ಕೆಳಗೆ ಹೋಗುವ ಮುಂಚೆ ಅವಳು ಬಚ್ಚಲಿಗೆ ಹೋಗುವ ನೆಪ ಮಾಡಿ, ಅಲ್ಲಿಂದ ಎದುರಿನ ಚಿಕ್ಕ ಕೋಣೆಯ ಒಳಗೋಡೆಯ ತನಕ ನಡೆದು ನೋಡಿದಳು. ತನ್ನ ಹೆಜ್ಜೆಗೆ ಆರು. ಅತ್ತೆಯ ಹೆಜ್ಜೆಗೆ ಎಂಟಾದೀತು. ಉದ್ದಕ್ಕೂ ಕೈಗೆ ಸಿಗುವ ಗೋಡೆ, ಒಂದೂ ತಿರುವಿಲ್ಲ.

ಮನೆಗೆ ಬಂದವಳು ಮೊದಲು ಮಾಡಿದ್ದು ಆ ಕುರ್ಚಿಯನ್ನು ಹಳೆಯ ಜಾಗಕ್ಕೆ ತಳ್ಳಿದ್ದು. ನೆಲಹಾಸಿನ ಮೇಲೆ ಹತ್ತೊಂಬತ್ತು ವರ್ಷದ ನಾಲ್ಕು ಗುಳಿಗಳಿದ್ದವು. ನಾಲ್ಕೂ ಕಾಲು ಅವುಗಳಲ್ಲಿ ಸರಿಯಾಗಿ ಕೂರುವ ತನಕ ಬಗ್ಗಿ ಸರಿಸಿದಳು.

ಮರುದಿನ ಬೆಳಿಗ್ಗೆ ಗಂಡ ಅಂಟಿನ ಸೀಸೆ ಹಿಡಿದು ಮೇಜಿನ ಮುಂದೆ ಕೂತಿದ್ದ. ನೀಲಿ ರಟ್ಟಿನ ಮಂಚ ದೊಡ್ಡ ಕೋಣೆಯ ಬಾಲ್ಕನಿಯ ಪಕ್ಕದಲ್ಲಿತ್ತು. ಅತ್ತೆ ಸ್ವಲ್ಪ ದೂರದಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದರು.

"ಅದಕ್ಕೆ ಅಂಟು ಹಾಕಬೇಡಿ ರೀ," ಎಂದಳು ಅವಳು. "ಆ ದೊಡ್ಡ ರೂಮು ನನಗೆ ಬೇಕು."

ಗಂಡ ತಲೆಯೆತ್ತಿದ. "ಅಮ್ಮನಿಗೆ ಅಂತ ಅಲ್ವಾ..."

"ಗೊತ್ತು. ಇಡೀ ದಿನ ಕಿಟಕಿಯಿಲ್ಲದ ಉಗ್ರಾಣದಲ್ಲಿ ಕೂರೋಳು ನಾನೂ ಅಲ್ವಾ? ಬೆಳಿಗ್ಗೆ ಎದ್ದು ಬಾಲ್ಕನೀಲಿ ಹತ್ತು ನಿಮಿಷ ನಿಲ್ಲಬೇಕು ಅಂತ ನನಗೂ ಆಸೆ ಇರಲ್ವಾ?"

ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಹೀಗೆ ಮಾತಾಡಿದ್ದು ಇದೇ ಮೊದಲು. ಗಂಡ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನು ಅವಳನ್ನು ಸ್ವಲ್ಪ ಹೊತ್ತು ನೋಡಿದ, ಗೊತ್ತಿರುವ ರಸ್ತೆಯಲ್ಲಿ ಗೊತ್ತಿಲ್ಲದ ತಿರುವು ಬಂದಾಗ ನೋಡುವ ಹಾಗೆ. ಆಮೇಲೆ ಅಂಟಿನ ಮುಚ್ಚಳ ಹಾಕಿದ.

ಅತ್ತೆಯ ಕೈ ಮಡಿಸುತ್ತಿದ್ದ ಬಟ್ಟೆಯ ಮೇಲೆ ನಿಂತಿತ್ತು. "ಕೊಡೋ ಅವಳಿಗೆ," ಎಂದರು. "ಬಾಯಿಬಿಟ್ಟು ಏನಾದ್ರೂ ಕೇಳಿದ್ದೇ ಇದು ಮೊದಲು."

"ನಿನಗೆ ಆ ಗೂಡು ಸಾಕಾ ಅಮ್ಮ?"

"ಬೆಚ್ಚಗಿರುತ್ತೆ."

ಸುದ್ದಿ ನಾದಿನಿಗೆ ಮುಟ್ಟಲು ಮಧ್ಯಾಹ್ನವೂ ಆಗಲಿಲ್ಲ. "ಅಮ್ಮನಿಗೆ ಬಚ್ಚಲ ಎದುರಿನ ರೂಮಂತೆ? ಅಂತೂ ಒಳ್ಳೇ ಪ್ಲಾನ್ ಮಾಡಿದ್ದೀರ ಅತ್ತಿಗೆ," ಎಂದಳು ಫೋನಿನಲ್ಲಿ, ಸಕ್ಕರೆ ಹಾಕಿದ ದನಿಯಲ್ಲಿ. ನಿಜ ಹೇಳಿಬಿಟ್ಟರೆ ತನ್ನ ಮರ್ಯಾದೆ ಉಳಿಯುತ್ತದೆ, ಅತ್ತೆಯದು ಹೋಗುತ್ತದೆ. ಹೇಳುವುದಿದ್ದರೆ ಅತ್ತೆಯೇ ಹೇಳಲಿ, ಅವರಿಗೆ ಬೇಕಾದ ದಿನ. "ಹೌದು, ಬಾಲ್ಕನಿ ತುಂಬಾ ಚೆನ್ನಾಗಿದೆ," ಎಂದಳು. "ನೀನು ಬಂದಾಗ ಅಲ್ಲೇ ಕೂತು ಕಾಫಿ ಕುಡಿಯೋಣ."

ಫೋನಿಟ್ಟು ಅತ್ತೆಯ ಕೋಣೆಗೆ ಹೋದಳು. "ನೀಲಿ ಚುಕ್ಕೆ ಮುಗಿದುಹೋಯ್ತು ಅತ್ತೆ. ಬೇರೆ ಬಣ್ಣಾನೂ ಸಾಲೋ ಹಾಗಿಲ್ಲ. ನಿಮ್ಮ ಗುಂಡಿ ಡಬ್ಬ ಕೊಡ್ತೀರಾ? ನಿಮ್ಮ ಹಾಗೇ ಎಲ್ಲಾ ಪೆಟ್ಟಿಗೆಗೂ ಕಟ್ಟಿಬಿಡೋಣ."

ಅತ್ತೆ ಮಂಚದ ಕೆಳಗೆ ಕೈ ಹಾಕಿ ಡಬ್ಬ ಎಳೆದು ತೊಡೆಯ ಮೇಲಿಟ್ಟುಕೊಂಡರು.

"ಅಡುಗೆಮನೆಗೆ ಎರಡು ತೂತಿನದು ಇರಲಿ. ಹಾಲಿಗೆ ನಾಲ್ಕು ತೂತಿನದು," ಎಂದರು, ಬೆರಳುಗಳು ಆಗಲೇ ಆರಿಸುತ್ತಿದ್ದವು. "ನಿನ್ನ ಬಾಲ್ಕನಿ ರೂಮಿಗೆ ಕೋಟಿಂದು ಹಾಕ್ತೀನಿ, ದೊಡ್ಡದು."

"ಹಾಕಿ."

"ಹುಡುಗಿ," ಎಂದರು ಅತ್ತೆ, ತಲೆಯೆತ್ತದೆ. "ನಿನಗೆ ಬಾಲ್ಕನಿ ಅಂದ್ರೆ ಇಷ್ಟು ಇಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ."

"ನನಗೂ ಗೊತ್ತಿರಲಿಲ್ಲ ಅತ್ತೆ."

ಅತ್ತೆ ಸೂಜಿಗೆ ಪೋಣಿಸದೆಯೇ ಒದ್ದೆ ಮಾಡಿದ ದಾರದ ತುದಿಯನ್ನು ಗುಂಡಿಯ ತೂತಿಗೆ ತೂರಿಸಿದರು, ಒಂದೇ ಸಲಕ್ಕೆ.

ಅವಳು ಮೇಜಿನ ಹತ್ತಿರ ಬಂದಾಗ ಗಂಡ ಹೊರಗೆ ಹೋಗಿದ್ದ. ನಕ್ಷೆಯಲ್ಲಿ ನೀಲಿ ಮಂಚ ಚಿಕ್ಕ ಕೋಣೆಯಲ್ಲಿ, ಗೋಡೆಗೆ ಒತ್ತಿ ಅಂಟಿಕೊಂಡಿತ್ತು. ಆ ಕೋಣೆಗೂ ಬಚ್ಚಲಿಗೂ ನಡುವಿನ ಓಡಾಡುವ ಜಾಗದಲ್ಲಿ ಅವನು ಚಪ್ಪಲಿ ಕಪಾಟನ್ನೂ ಮರದ ಕುರ್ಚಿಯನ್ನೂ ಅಂಟಿಸಿದ್ದ. ಅಂಟು ಇನ್ನೂ ಹಸಿಯಾಗಿತ್ತು. ಅವಳು ಉಗುರು ಕೊಟ್ಟು ಚಪ್ಪಲಿ ಕಪಾಟನ್ನು ಎಬ್ಬಿಸಿದಳು. ಕುರ್ಚಿಯನ್ನು ಎಬ್ಬಿಸಿ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿ, ಚಿಕ್ಕ ಕೋಣೆಯ ಬಾಗಿಲ ಹೊರಗೆ, ಬೆನ್ನು ಕೈಗೆ ಸಿಗುವ ಹಾಗೆ ತಿರುಗಿಸಿಟ್ಟು ಒತ್ತಿದಳು. ಕಪಾಟಿನ ತುಂಡನ್ನು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿಟ್ಟಳು. ಅಲ್ಲಿ ಇನ್ನೂ ಕೀಳದ ನೀಲಿ ಚುಕ್ಕೆಗಳ ಅರ್ಧ ಹಾಳೆ ಮೊದಲೇ ಇತ್ತು.

ಒಳಗೆ ಮಂಚ ಕಿರುಗುಟ್ಟಿತು. ಅತ್ತೆಯ ಚಪ್ಪಲಿಯ ಸದ್ದು ಹೊರಟು, ಅವಳ ಬೆನ್ನ ಹಿಂದೆ, ಕುರ್ಚಿಯ ಹತ್ತಿರ ಒಂದು ಕ್ಷಣ ನಿಂತು, ಮುಂದೆ ನಡೆಯಿತು. ಅವಳು ತಿರುಗಲಿಲ್ಲ. ನೋಟುಪುಸ್ತಕದ ಮೇಲೆ ಅಂಗೈಯಿಟ್ಟು ಹೆಜ್ಜೆಗಳನ್ನು ಮನಸ್ಸಿನಲ್ಲೇ ಎಣಿಸಿದಳು. ಹನ್ನೊಂದಕ್ಕೆ ಬಚ್ಚಲ ಚಿಲಕ ಸರಿದ ಸದ್ದಾಯಿತು.