ಗುಡಿಸಿದ್ದು ಹೇಳಬೇಡ

ನೋಲ್ಫಾಗೆ ಜ್ವರ ಬಂದ ಬೆಳಿಗ್ಗೆ ನನಗೆ ಮೊದಲು ನೆನಪಾದದ್ದು ಆ ದೂಳು.

ನೋಲ್ಫಾ ನನ್ನ ತಂಗಿ. ಪುವೆರ್ಟೊ ಮಾಂಟ್ ಎಂಬ ಬಂದರು ಪಟ್ಟಣದಲ್ಲಿ ಸಾಲ್ಮನ್ ಮೀನು ಕತ್ತರಿಸಿ ಕಟ್ಟುವ ಕಾರ್ಖಾನೆಯಲ್ಲಿ ಕೆಲಸ. ವರ್ಷಕ್ಕೊಮ್ಮೆ ಸಿಗುವ ಮೂರು ವಾರದ ರಜೆಗೆ ನದಿ ದಂಡೆಯ ನನ್ನ ಮನೆಗೆ ಬರುತ್ತಾಳೆ. ಈ ಸಲ ಬಂದ ದಿನವೇ, ನಾನು ಹಸು ಹುಡುಕಿಕೊಂಡು ಹೋಗಿದ್ದಾಗ, ಹಿತ್ತಲಿನ ಮರದ ಕೋಣೆಯ ಬೀಗ ತೆಗೆದು ಪೊರಕೆ ಹಿಡಿದುಬಿಟ್ಟಿದ್ದಳು. ಚಳಿಗಾಲದಿಂದ ಮುಚ್ಚಿದ್ದ ಕೋಣೆ ಅದು. ಅಂಥದನ್ನು ತೆರೆದರೆ ಗಾಳಿಯಾಡಲು ಬಿಟ್ಟು ದೂರ ನಿಲ್ಲಬೇಕು. ಆಮೇಲೆ ಕ್ಲೋರಿನ್ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಣ ಪೊರಕೆ ಮುಟ್ಟಲೇಬಾರದು. ಉದ್ದ ಬಾಲದ ಇಲಿ ಅಲ್ಲಿ ಉಚ್ಚೆ ಹೊಯ್ದಿರುತ್ತದೆ, ಅದು ದೂಳಿನ ಜೊತೆ ಎದ್ದು ಎದೆಗೆ ಹೋದರೆ ಹಂಟಾ ಜ್ವರ. ನಮ್ಮ ಕಡೆ ಸಣ್ಣ ಮಕ್ಕಳಿಗೂ ಇದು ಗೊತ್ತು. ನೋಲ್ಫಾಗೂ ಗೊತ್ತು, ಆದರೆ ಅವಳಿಗೆ ಹುಟ್ಟಿದಾಗಿನಿಂದ ಅವಸರ. ನಾನು ವಾಪಸ್ ಬಂದಾಗ ಬಾಗಿಲಲ್ಲಿ ಬಿಸಿಲು ಬಿದ್ದಿತ್ತು, ಬಿಸಿಲಿನ ತುಂಬ ದೂಳು ತೇಲುತ್ತಿತ್ತು.

ಎರಡು ವಾರ ಏನೂ ಆಗಲಿಲ್ಲ. ನಾನೂ ಮರೆಯುತ್ತ ಬಂದಿದ್ದೆ. ಆಮೇಲೆ ಜ್ವರ.

"ಫ್ಲೂ ಅಷ್ಟೇ ಅಕ್ಕ. ಹಾಗೆ ನೋಡಬೇಡ, ಶವದ ಮುಂದೆ ಕೂತ ಹಾಗೆ."

"ಬಾ, ದವಾಖಾನೆಗೆ ಹೋಗೋಣ."

"ಎದ್ದರೆ ತೊಡೆ ಬಿದ್ದು ಹೋಗೋ ಹಾಗೆ ನೋಯುತ್ತೆ. ನಿಂಬೆಹಣ್ಣಿನ ಕಷಾಯ ಮಾಡು, ಸಾಕು."

ಕಷಾಯ ಮಾಡಿಕೊಟ್ಟೆ. ಆಮೇಲೂ ಎಷ್ಟು ಹೇಳಿದರೂ ಏಳಲಿಲ್ಲ. ಮಾರನೆ ದಿನ ತಾನಾಗಿಯೇ ಎದ್ದು ಕೂತಳು. ಅವಳನ್ನು ಎಬ್ಬಿಸಿದ್ದು ಭಯವಲ್ಲ, ರಜೆ.

"ವರ್ಷವಿಡೀ ತಣ್ಣೀರಲ್ಲಿ ನಿಂತಿರ್ತೀನಿ, ಒಂದು ಸೀನೂ ಬರಲ್ಲ. ರಜ ಬಂತು ಅಂದ್ರೆ ಮಲಗಬೇಕಾ? ಉಳಿದಿರೋ ವಾರ ನಾನು ಕಾರ್ಖಾನೆಯೋರಿಗೆ ಬಿಟ್ಕೊಡಲ್ಲ. ಇವತ್ತು ಡಾಕ್ಟರಮ್ಮ ಬರೋ ದಿನ ತಾನೇ? ಕಾಯಿಲೆ ಚೀಟಿ ಬರೆಸಿದ್ರೆ ರಜ ಅಲ್ಲಿಗೇ ನಿಲ್ಲುತ್ತೆ. ಉಳಿದ ದಿನ ನಂದೇ, ಆಮೇಲೆ ತಗೋಬಹುದು."

ಯಾವ ನೆಪಕ್ಕಾದರೂ ಹೊರಟಳಲ್ಲ ಎಂದು ನನ್ನ ಹಳೇ ಟ್ರಕ್ಕಿಗೆ ಹತ್ತಿಸಿದೆ. ಹತ್ತುವಾಗ ನನ್ನ ಹೆಗಲ ಮೇಲೆ ಬಿದ್ದ ಭಾರ, ನನ್ನ ತಂಗಿಯದಲ್ಲ, ಯಾವುದೋ ಮುದುಕಿಯದು ಅನ್ನಿಸಿತು.

ದಾರಿಯಲ್ಲಿ ನನ್ನ ತೋಳು ಹಿಡಿದಳು. ಕೈ ಸುಡುತ್ತಿತ್ತು.

"ಕೋಣೆ ಗುಡಿಸಿದ್ದು ಹೇಳಬೇಡ."

"ಯಾಕೆ?"

"ರಜದಲ್ಲಿ ಕೆಲಸ ಮಾಡಿ ಕಾಯಿಲೆ ಬಿದ್ಲು ಅಂತ ಬರೆದ್ರೆ ಚೀಟಿ ತಿರಸ್ಕಾರ ಆಗುತ್ತೆ. ನಮ್ಮ ಲೈನಿನ ಯೆರ್ಮಿನಾ ಚೆರ್ರಿ ಕೀಳೋಕೆ ಹೋಗಿದ್ದೆ ಅಂತ ಬಾಯ್ಬಿಟ್ಲು, ಆಯ್ತು ಕಥೆ. ನಾನು ಸುಮ್ನೆ ಮಲಗಿದ್ದೆ, ತಿಂದೆ, ನದಿ ನೋಡಿದೆ. ಮಾತು ಕೊಡು."

"ನೋಲ್ಫಾ..."

"ಮಾತು ಕೊಡ್ತೀಯೋ, ಇಲ್ಲೇ ಇಳೀಲೋ?"

ಕೊಟ್ಟೆ. ಅವಳು ಇಳಿಯದೆ ದವಾಖಾನೆ ಮುಟ್ಟಿದರೆ ಸಾಕಾಗಿತ್ತು ನನಗೆ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಗಂಟಲು ನೋಡಿದಳು. ಎದೆಗೆ ಕೊಳವೆ ಇಟ್ಟು ಸ್ವಲ್ಪ ಹೆಚ್ಚೇ ಹೊತ್ತು ಕೇಳಿದಳು. "ಕೆಮ್ಮು ಯಾವಾಗಿಂದ?" ಎಂದಳು.

"ಕೆಮ್ಮೇ ಇಲ್ಲ," ಎಂದು ನೋಲ್ಫಾ ಕೆಮ್ಮಿದಳು.

"ಮುಚ್ಚಿದ್ದ ಕೋಣೆ, ಕಣಜ, ಸೌದೆ ಗೂಡು, ಇಂಥದ್ದೇನಾದ್ರೂ ತೆಗೆದ್ರಾ? ಇಲಿ ಕಂಡ್ರಾ?"

"ನಾನು ರಜದ ಮೇಲೆ ಬಂದಿರೋಳು ಡಾಕ್ಟ್ರೇ. ಕಡ್ಡಿ ಎತ್ತಿಟ್ಟಿಲ್ಲ. ನಮ್ಮಕ್ಕನ್ನೇ ಕೇಳಿ."

ಮೇಜಿನ ಕೆಳಗೆ ಅವಳ ಕಾಲು ನನ್ನ ಕಾಲನ್ನು ತುಳಿಯಿತು. ತುಳಿತದಲ್ಲಿ ಬಲವೇ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಚಿಕ್ಕಂದಿನಲ್ಲಿ ಇದೇ ಕಾಲು ಒದ್ದರೆ ಒದೆ ಬಿದ್ದ ಜಾಗ ವಾರಗಟ್ಟಲೆ ಕಂದಿರುತ್ತಿತ್ತು. ಡಾಕ್ಟರಮ್ಮನ ಪೆನ್ನು ಆಗಲೇ ಚೀಟಿಯ ಮೇಲಿತ್ತು. ಇನ್ನೊಂದು ಗಳಿಗೆಗೆ ಬೇಕಾದದ್ದು ಸಿಕ್ಕಿ, ನಾವು ಮನೆ ದಾರಿ ಹಿಡಿಯುತ್ತಿದ್ದೆವು.

"ಗುಡಿಸಿದ್ಲು," ಎಂದೆ. "ಚಳಿಗಾಲದಿಂದ ಮುಚ್ಚಿದ್ದ ಕೋಣೆ. ಒಣ ಪೊರಕೇಲಿ. ಎರಡು ವಾರ ಆಯ್ತು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಎದ್ದು ಮುಖಕ್ಕೆ ಮಾಸ್ಕ್ ಹಾಕಿಕೊಂಡು, ನಮಗೂ ಕೊಟ್ಟಳು. ನೋಲ್ಫಾಳ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ, ಅದರಲ್ಲಿ ಬಂದ ಅಂಕಿ ನೋಡಿ, ಹೊರಗೆ ಹೋಗಿ ಫೋನಿನಲ್ಲಿ ಆಂಬುಲೆನ್ಸ್ ಕರೆದಳು. ವಾಪಸ್ ಬಂದವಳು ದೂರದಲ್ಲೇ ನಿಂತು ಕೇಳಿದಳು:

"ಇವರ ಜೊತೆ ಮಾಟೆ ಕುಡಿದೋರು ಯಾರು?"

ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಆ ಸೊಪ್ಪಿನ ಬಿಸಿ ಕಷಾಯಕ್ಕೆ ಇಬ್ಬರಿಗೂ ಒಂದೇ ಸೋರೆ ಬುರುಡೆ, ಒಂದೇ ಹೀರುಗೊಳವೆ. ಆ ದಿನ ಬೆಳಿಗ್ಗೆಯೂ ಅವಳು ಹೀರಿ ಕೊಟ್ಟಿದ್ದಳು, ನಾನು ಒರೆಸದೆ ಬಾಯಿಗಿಟ್ಟುಕೊಂಡಿದ್ದೆ. ಒರೆಸಿದರೆ ಅವಮಾನ ಮಾಡಿದ ಹಾಗೆ ನಮ್ಮಲ್ಲಿ. ಈ ಜ್ವರ ಎಂಜಲಿನಲ್ಲೂ ದಾಟುತ್ತದೆ.

ಸ್ಟ್ರೆಚರ್ ಮೇಲೆ ಮಲಗಿಸುವಾಗ ನೋಲ್ಫಾ ನನ್ನನ್ನು ಉರಿಗಣ್ಣಿನಲ್ಲಿ ನೋಡಿದಳು. "ಮಾತು ಕೊಟ್ಟಿದ್ದೆ. ಬಾಯಿಬಡುಕಿ." ಆಂಬುಲೆನ್ಸಿನ ಬಾಗಿಲು ಮುಚ್ಚುವ ಮುಂಚೆ ದನಿ ಬದಲಾಯಿತು. "ಅಕ್ಕ, ಉಸಿರು ಸಿಗ್ತಿಲ್ಲ. ನೀನೂ ಬಾ."

ನನ್ನನ್ನು ಹತ್ತಲು ಬಿಡಲಿಲ್ಲ.

ಆ ಸಂಜೆಗೆ ಅವಳ ಎದೆಯಲ್ಲಿ ನೀರು ತುಂಬಿಕೊಂಡಿತಂತೆ. ಗಂಟಲೊಳಗೆ ಕೊಳವೆ ಇಳಿಸಿ ಯಂತ್ರದಿಂದ ಉಸಿರಾಡಿಸುತ್ತಿದ್ದೇವೆ ಎಂದು ಆಸ್ಪತ್ರೆಯವರು ಫೋನಿನಲ್ಲಿ ಹೇಳಿದರು. ಮನೆಗೆ ಹೋಗಿದ್ದರೆ ವಾಪಸ್ ತರುವ ದಾರಿಯಲ್ಲೇ ಮುಗಿಯುತ್ತಿತ್ತು ಎಂದೂ ಹೇಳಿದರು. ನಾನು ಒಬ್ಬಳೇ ಮನೆಯಲ್ಲಿ, ಯಾರನ್ನೂ ಹತ್ತಿರ ಬಿಟ್ಟುಕೊಳ್ಳದೆ, ಹೊತ್ತು ಹೊತ್ತಿಗೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಕೂತೆ. ಬೆನ್ನು ನೊಂದರೂ ಅದನ್ನೇ ಮತ್ತೆ ಇಟ್ಟುಕೊಳ್ಳುತ್ತಿದ್ದೆ. ಸೌದೆ ಒಡೆದಿದ್ದಕ್ಕೆ ನೋವೋ, ಅದೋ?

ನಡುವೆ ಒಂದು ದಿನ ಕಾರ್ಖಾನೆಯ ಆಫೀಸಿನಿಂದ ಒಬ್ಬ ಹೆಂಗಸು ಫೋನ್ ಮಾಡಿದಳು.

"ಆಸ್ಪತ್ರೆಯಿಂದ ಚೀಟಿ ಬಂದಿದೆ. ಆ ವಾರದ ರಜ ಅವರ ಹೆಸರಲ್ಲೇ ಇರುತ್ತೆ."

"ಕೋಣೆ ಗುಡಿಸಿದ್ಲು..." ಎಂದೆ, ಯಾಕೆ ಎಂದು ನನಗೇ ತಿಳಿಯದೆ.

"ಗುಡಿಸಲಿ ಬಿಡಿ, ಅದಕ್ಕೇನಂತೆ? ಕಾಯಿಲೆ ಕಾಯಿಲೆಯೇ. ಯಾವಾಗ ತಗೋತಾರೆ ಅಂತ ನೀವೇ ಹೇಳಿದ್ರೆ..."

ನಾನು ಕಿಟಕಿಯಾಚೆ ಆ ಕೋಣೆಯ ಬಾಗಿಲು ನೋಡುತ್ತ ನಿಂತೆ. ಆ ಹೆಂಗಸು ಮೆಲ್ಲಗೆ, "ನಿಧಾನ ಹೇಳಿ ಸೆನ್ಯೋರಾ," ಎಂದು ಫೋನ್ ಇಟ್ಟಳು.

ಮುಂದಿನ ವಾರ ಆಸ್ಪತ್ರೆಯ ನರ್ಸ್ ಕರೆದಳು. "ಕೊಳವೆ ತೆಗೆದಿದ್ದೀವಿ. ಇನ್ನೂ ಏನೂ ಹೇಳೋ ಹಾಗಿಲ್ಲ. ಅವರ ಕಿವಿ ಹತ್ತಿರ ಫೋನ್ ಇಡ್ತೀನಿ, ನೀವು ಮಾತಾಡಿ."

ಅತ್ತಲಿಂದ ಗೊರಗೊರ ಸದ್ದು. ಏನೋ ಹೇಳಲು ನೋಡುತ್ತಿದ್ದಳು. ಬೈಗುಳವೇ ಇದ್ದೀತು.

"ಮಾತಾಡಬೇಡ ಕಣೇ. ಉಸಿರಾಡು, ಅಷ್ಟು ಸಾಕು."

ಎಳೆದಳು. ಬಿಟ್ಟಳು. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಮುಂದಿನದಕ್ಕೆ ಕಾದೆ.