ಬಲಕ್ಕೆ ವಾಲಿದ ಬಾಣ

“ನೀವು ಎಳೆದಿರೋ ನೀರಿನ ಪೈಪು ಬೀದಿ ಬಿಟ್ಟು ಯಾರದೋ ಅಡುಗೆಮನೆಗೆ ನುಗ್ಗಿದೆಯಲ್ಲಮ್ಮ!” ಎಂದು ಮೇಲ್ವಿಚಾರಕ ಫೋನಿನಲ್ಲಿ ನಕ್ಕ. ನಗು ಮುಗಿದ ಮೇಲೆ ದನಿ ತಗ್ಗಿಸಿದ. “ನಾಳೆ ನಾಲ್ಕು ಗಂಟೆ ಒಳಗೆ ಇದೇ ಹಾಳೆ ಸರಿಮಾಡಿ ಕಳಿಸಿ. ಆಗ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ, ಸ್ವಲ್ಪ ದಿನ ಆರಾಮಾಗಿರಿ.”

ಇಪ್ಪತ್ತಾರು ವರ್ಷ ನಕ್ಷೆ ಬರೆದವಳಿಗೆ ಆ ‘ಆರಾಮ’ದ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ಐದು ತಿಂಗಳ ಹಿಂದೆ ಲಕ್ವ ಹೊಡೆದು ಅವಳ ಬಲಗೈ ಬಿದ್ದುಹೋಗಿತ್ತು. ಕಾಲು ಉಳಿಯಿತು, ಮಾತೂ ಉಳಿಯಿತು, ಆಡಲು ಮಾತ್ರ ಮನೆಯಲ್ಲಿ ಎರಡನೆಯವರಿರಲಿಲ್ಲ. ನೀರು ಸರಬರಾಜು ಕಚೇರಿಯ ಹಳೆಯ ಕಾಗದದ ನಕ್ಷೆಗಳನ್ನು ಕಂಪ್ಯೂಟರಿನ ಪರದೆಯಲ್ಲಿಟ್ಟು, ಅವುಗಳ ಮೇಲೆ ಗೆರೆ ಎಳೆಯುವ ಕೆಲಸವನ್ನು ಮನೆಯಲ್ಲೇ ಕುಳಿತು ಎಡಗೈಯಲ್ಲಿ ಮಾಡುವುದಾಗಿ ಅವಳೇ ಕೇಳಿಕೊಂಡಿದ್ದಳು.

ಮೌಸು ಎಡಕ್ಕೆ ಬಂದ ದಿನ, ಪರದೆಯ ಬಾಣ ಇನ್ನೊಬ್ಬರ ಚಪ್ಪಲಿ ಮೆಟ್ಟಿದ ಹಾಗೆ ಅನ್ನಿಸಿತು. ಅದರ ತುದಿ ಎಡಕ್ಕೆ ವಾಲಿತ್ತು, ಬಲಗೈಯವರಿಗೆಂದೇ ಮಾಡಿದ್ದು. ಬಾಣದ ಚಿತ್ರ ತಿದ್ದುವ ಪುಟ್ಟ ತಂತ್ರಾಂಶವೊಂದನ್ನು ಹುಡುಕಿ, ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿ, ಕಡುನೀಲಿ ಬಣ್ಣ ತುಂಬಿದಳು. ಈಗ ಅದು ಬಲಕ್ಕೆ ವಾಲಿ, ಅವಳ ಎಡಗೈಯಿಂದಲೇ ಹೊರಟಂತೆ ಕಾಣುತ್ತಿತ್ತು.

ಆದರೆ ಗೆರೆಗಳು ತಪ್ಪುತ್ತಿದ್ದವು. ತುದಿಯನ್ನು ಪೈಪಿನ ಮೇಲಿಟ್ಟು ಒತ್ತಿದರೆ ಗುರುತು ಪಕ್ಕಕ್ಕೆ ಬೀಳುತ್ತಿತ್ತು. ಒತ್ತುವಾಗ ಕೈ ಜಾರುತ್ತಿದೆ ಎಂದುಕೊಂಡಳು. ಎಡಗೈ ಪಳಗಲು ಆರು ತಿಂಗಳಾದರೂ ಬೇಕೆಂದು ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಟ್ಟಾಕೆ ಹೇಳಿರಲಿಲ್ಲವೆ?

ಮರುದಿನ ಬೆಳಿಗ್ಗೆ ಹಾಳೆಯನ್ನು ಅಳಿಸುವ ಮುನ್ನ, ತಾನು ಎಷ್ಟರಮಟ್ಟಿಗೆ ಕೆಟ್ಟಿದ್ದೇನೆಂದು ತಿಳಿಯಲು ನಲವತ್ತು ಗುರುತುಗಳನ್ನು ಅಳೆದಳು. ನಲವತ್ತೂ ಎಡಕ್ಕೆ ಬಿದ್ದಿದ್ದವು. ಅಂತರ ಪರದೆಯ ಲೆಕ್ಕದಲ್ಲಿ ಹನ್ನೊಂದು ಚುಕ್ಕಿ. ಎಲ್ಲೋ ಒಂದೆರಡು ಕಡೆ ಹತ್ತು, ಹನ್ನೆರಡು. ಬೇರೆಯವರ ಹಾಳೆಗಳನ್ನು ವರ್ಷಗಟ್ಟಲೆ ತಿದ್ದಿದವಳು ಅವಳು. ನಡುಗುವ ಕೈ ನಾಲ್ಕೂ ಕಡೆಗೆ ಚೆಲ್ಲುತ್ತದೆ, ಹೀಗೆ ಸಾಲು ಹಿಡಿದು ತಪ್ಪುವುದಿಲ್ಲ.

ಮೌಸನ್ನು ಎರಡು ದಪ್ಪ ಪುಸ್ತಕಗಳ ನಡುವೆ ಬಿಗಿಯಾಗಿ ಸಿಕ್ಕಿಸಿ, ಒಂದೇ ಬೆರಳಿನಿಂದ ಒತ್ತಿದಳು. ಮೌಸು ಅಲುಗಲಿಲ್ಲ. ಗುರುತು ಮಾತ್ರ ಹನ್ನೊಂದು ಚುಕ್ಕಿ ಎಡಕ್ಕೇ ಬಿತ್ತು.

ಅವಳು ಮಗುಚಿದ್ದು ಚಿತ್ರವನ್ನಷ್ಟೆ. ಒತ್ತಿದ್ದು ಎಲ್ಲಿ ನಾಟಬೇಕೆಂದು ಹೇಳುವ, ಕಣ್ಣಿಗೆ ಕಾಣದ ಬಿಂದು ಎಡಗಡೆ, ಬಾಣದ ಹಳೆಯ ತುದಿಯಿದ್ದ ಜಾಗದಲ್ಲೇ ಉಳಿದಿತ್ತು. ಅದನ್ನು ಹೊಸ ತುದಿಗೆ ಸರಿಸಿದಳು. ಎರಡೂವರೆಗೆ ಹಾಳೆ ಮುಗಿಯಿತು.

“ಸರಿಯಾಗಿದೆ,” ಎಂದು ಮೇಲ್ವಿಚಾರಕನ ಸಂದೇಶ ಬಂತು. “ಇನ್ನೈದು ಕಳಿಸಿದ್ದೀನಿ.”

ತಂಗಿಗೆ ಫೋನು ಮಾಡಿದಳು.

“ಕೈ ಚೆನ್ನಾಗೇ ಇದೆ ಕಣೇ! ಮೊದಲಿಂದ್ಲೂ ಚೆನ್ನಾಗೇ ಇತ್ತು. ಬಾಣ ತಪ್ಪಿತ್ತು ಅಷ್ಟೆ.”

“ಯಾವ ಬಾಣ? ಯಾರಿಗೆ ಬಿಟ್ಟೆ?”

“ಕಂಪ್ಯೂಟರಿಂದು. ನಾನೇ ಮಾಡ್ಕೊಂಡಿದ್ನಲ್ಲ, ನೀಲಿ ಬಣ್ಣದ್ದು…”

“ಅದಕ್ಕೂ ಸಿಂಗಾರ ಮಾಡಿದ್ಯಾ? ಪುಣ್ಯಾತಗಿತ್ತಿ! ಅಕ್ಕ, ಇವ್ರು ಊಟಕ್ಕೆ ಕೂತಿದ್ದಾರೆ, ಆಮೇಲೆ ಮಾಡ್ಲಾ?”

“ಮಾಡು.”

ತಂಗಿ ಆ ದಿನ ಮಾಡಲಿಲ್ಲ, ಮರುದಿನವೂ ಮಾಡಲಿಲ್ಲ. ಐದು ಹಾಳೆಗಳು ಒಂದೊಂದಾಗಿ ಹೋದವು. ಒಂದೊಂದಕ್ಕೂ “ಸರಿಯಾಗಿದೆ” ಎಂಬ ಸಂದೇಶ ಬಂತು. ತಪ್ಪಿದ್ದಾಗ ದಿನಾ ಹನ್ನೊಂದು ಗಂಟೆಗೆ ಬರುತ್ತಿದ್ದ ಮೇಲ್ವಿಚಾರಕನ ಫೋನು ನಿಂತಿತ್ತು. ಸರಿಯಿದ್ದ ಹಾಳೆಯ ಬಗ್ಗೆ ಮಾತಾಡಲು ಅವನಿಗಾದರೂ ಏನಿತ್ತು? ಆಮೇಲೆ ವಾರವಿಡೀ ಅವಳು ಬಾಯಿ ಬಿಟ್ಟು ಮಾತಾಡಿದ್ದು ಹಾಲಿನವನ ಹತ್ತಿರ, ಅದೂ ಎರಡೇ ಮಾತು.

ಮುಂದಿನ ವಾರದ ಮೊದಲ ಹಾಳೆ ತೆರೆದಾಗ ಹನ್ನೊಂದು ಗಂಟೆ ದಾಟಿತ್ತು. ಪೈಪಿನ ಪಕ್ಕಕ್ಕೆ ಬೇಕೆಂದೇ ಒಂದು ತಪ್ಪು ಗುರುತು ಹಾಕಿ ನೋಡಿದಳು. ನಕ್ಷೆ ನಂಬಿ ಆ ಬೀದಿಯನ್ನು ಅಗೆಯುವವರು ನೆನಪಾಗಿ ತಕ್ಷಣ ಅಳಿಸಿದಳು. ಆಮೇಲೆ ತಾನೇ ಕಚೇರಿಗೆ ಫೋನು ಮಾಡಿದಳು.

“ಸಾರ್, ಈ ಹಾಳೇಲಿ ಒಂದು ಅಂಗುಲಕ್ಕೆ ಎಷ್ಟು ಅಡಿ?”

“ಕೆಳಗೇ ಬರೆದಿದೆಯಲ್ಲಮ್ಮ, ದಪ್ಪಕ್ಷರದಲ್ಲಿ.”

“ಹೌದಾ?” ಎಂದಳು, ಆ ದಪ್ಪಕ್ಷರವನ್ನೇ ನೋಡುತ್ತ. “ಎಲ್ಲಿ, ಎಡಗಡೆಗಾ?”